ಏಜೆಂಟ್ ಮೂಲಕ ಖರೀದಿ: ಲಿಂಕ್ ತೆರೆಯದಿದ್ದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಟಾವೊಬಾವೊ, ಟೀಮಾಲ್, 1688, ವೇಡಿಯನ್ ಮುಂತಾದವು ಚೀನಾದ ಒಳಗಿನ ಗ್ರಾಹಕರಿಗೆಂದು ಕಟ್ಟಿದ ಆನ್‌ಲೈನ್ ಮಾರಾಟದ ತಾಣಗಳು. ಅಲ್ಲಿನ ಭಾಷೆ, ಅಲ್ಲಿನ ವಿಳಾಸ, ಅಲ್ಲಿನ ಪಾವತಿ ವ್ಯವಸ್ಥೆ. ಹೊರಗಿನಿಂದ ಕೊಳ್ಳುವವರಿಗೆ ನಡುವೆ ಏಜೆಂಟ್ ಬೇಕಾಗುವುದು ಅದಕ್ಕೇ. ನೀವು ಲಿಂಕ್ ಕೊಡುತ್ತೀರಿ. ಅವರು ಕೊಂಡು, ತಮ್ಮ ಗೋದಾಮಿಗೆ ತರಿಸಿ, ಫೋಟೋ ತೆಗೆದು ತೋರಿಸಿ, ನಿಮಗೆ ಕಳುಹಿಸುತ್ತಾರೆ. ಇಡೀ ವ್ಯವಹಾರ ಆ ಒಂದು ಲಿಂಕ್ ಮೇಲೆ ನಿಂತಿರುತ್ತದೆ. ಅದು ತೆರೆಯದಿದ್ದರೆ ಕೆಲವರು ಅಲ್ಲಿಗೇ ಕೈಬಿಡುತ್ತಾರೆ, ಕೆಲವರು ಅವಸರದಲ್ಲಿ ಕಣ್ಣಿಗೆ ಬಿದ್ದ ಇನ್ನೊಂದು ಲಿಂಕ್‌ಗೆ ದುಡ್ಡು ಕಟ್ಟುತ್ತಾರೆ. ಎರಡೂ ಬೇಕಿಲ್ಲ. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಬಹಳಷ್ಟು ಸಲ ಸಾಮಾನು ಅಲ್ಲೇ ಇರುತ್ತದೆ.

ಲಿಂಕ್ ತೆರೆಯುತ್ತಿಲ್ಲ ಎಂದರೆ ಸಾಮಾನು ಮಾರಾಟದಲ್ಲಿ ಇಲ್ಲ ಎಂದೇ ಅರ್ಥವೇ?

ಹಾಗೇನಿಲ್ಲ. ಹೊರಗಿನಿಂದ ಒಂದೇ ಥರ ಕಾಣುವ ಮೂರು ಬೇರೆ ಬೇರೆ ತೊಂದರೆಗಳಿವೆ. ಮೊದಲನೆಯದು, ಲಿಂಕ್ ಕೈಯಿಂದ ಕೈಗೆ ಬರುವಾಗ ಹಾಳಾಗಿರುತ್ತದೆ: ಕೊನೆಯ ನಾಲ್ಕು ಅಂಕಿ ಕಾಪಿ ಆಗದೆ ಉಳಿದಿರುತ್ತದೆ, ಮೆಸೇಜ್ ಆ್ಯಪ್ ಅದನ್ನು ಎರಡು ಸಾಲಾಗಿ ಮುರಿದಿರುತ್ತದೆ, ಅಥವಾ ಈಗ ಮುಚ್ಚಿಹೋದ ಇನ್ನೊಂದು ತಾಣದ ಹೊದಿಕೆಯೊಳಗೆ ಸಿಕ್ಕಿಕೊಂಡಿರುತ್ತದೆ. ಎರಡನೆಯದು, ಪುಟ ಇದೆ, ಆದರೆ ಲಾಗಿನ್ ಆಗದವರಿಗೋ ಹೊರದೇಶದಿಂದ ನೋಡುವವರಿಗೋ ತೋರಿಸುತ್ತಿಲ್ಲ. ಮೂರನೆಯದು ಮಾತ್ರ ನಿಜವಾದ ಸಾವು, ಅಂದರೆ ಮಾರಾಟಗಾರರೋ ತಾಣವೋ ಆ ಪುಟವನ್ನು ತೆಗೆದುಹಾಕಿರುವುದು.

ಮೊದಲೆರಡನ್ನು ನೀವೇ ಸರಿಮಾಡಿಕೊಳ್ಳಬಹುದು. ಅವೆರಡನ್ನೂ ನೋಡಿ ಮುಗಿಸುವ ತನಕ ಮೂರನೆಯದೇ ಎಂದು ತೀರ್ಮಾನಿಸಬೇಡಿ.

ಇಷ್ಟುದ್ದದ ಲಿಂಕ್‌ನಲ್ಲಿ ನಿಜವಾಗಿ ಬೇಕಾಗಿರುವ ಭಾಗ ಯಾವುದು?

ಸಾಮಾನಿನ ಸಂಖ್ಯೆ. ಉಳಿದದ್ದೆಲ್ಲ ಬಹುಪಾಲು ಕಸ.

ಟಾವೊಬಾವೊದ ಒಂದು ಲಿಂಕ್ ಬಿಡಿಸಿ ನೋಡೋಣ. ಮೊದಲು ‘ಐಟಂ ಡಾಟ್ ಟಾವೊಬಾವೊ ಡಾಟ್ ಕಾಮ್’ ಎಂಬ ತಾಣದ ಹೆಸರು. ಆಮೇಲೆ ಓರೆಗೆರೆ, ‘ಐಟಂ ಡಾಟ್ ಎಚ್‌ಟಿಎಂ’, ಅದರ ಬೆನ್ನಿಗೆ ಪ್ರಶ್ನಾರ್ಥಕ ಚಿಹ್ನೆ. ಅಲ್ಲಿಂದ ಮುಂದೆ ಹಲವು ತುಂಡುಗಳು, ಒಂದೊಂದರ ನಡುವೆಯೂ ‘ಆ್ಯಂಡ್’ ಚಿಹ್ನೆ. ‘ಎಸ್‌ಪಿಎಂ’ ಎಂದು ಶುರುವಾಗುವ ಉದ್ದನೆಯ ತುಂಡು ನೀವು ಯಾವ ಪುಟದ ಯಾವ ಮೂಲೆಯಿಂದ ಬಂದಿರಿ ಎಂದು ತಾಣ ತನಗಾಗಿ ಇಟ್ಟುಕೊಂಡ ಗುರುತು. ಅದನ್ನು ಅಳಿಸಿದರೆ ಏನೂ ಆಗುವುದಿಲ್ಲ. ‘ಐಡಿ’ ಎಂದು ಬರೆದು, ಸಮ ಚಿಹ್ನೆ ಹಾಕಿ, ಅದರ ಮುಂದೆ ಅಂಕಿಗಳ ಸಾಲು ಇರುವ ತುಂಡೇ ಸಾಮಾನಿನ ಗುರುತು. ತಾಣದ ಹೆಸರು, ಓರೆಗೆರೆ, ‘ಐಟಂ ಡಾಟ್ ಎಚ್‌ಟಿಎಂ’, ಪ್ರಶ್ನಾರ್ಥಕ ಚಿಹ್ನೆ, ಐಡಿ ತುಂಡು ಇವಿಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಅಳಿಸಿ ಮತ್ತೆ ತೆರೆಯಿರಿ. ‘ಎಸ್‌ಕೆಯು ಐಡಿ’ ಎಂಬ ಇನ್ನೊಂದು ತುಂಡೂ ಕೆಲವು ಲಿಂಕ್‌ಗಳಲ್ಲಿರುತ್ತದೆ. ಅದು ಬಣ್ಣ ಮತ್ತು ಸೈಜಿನ ಆಯ್ಕೆಯ ಸಂಖ್ಯೆ. ಎರಡನ್ನೂ ಅದಲು ಬದಲು ಮಾಡಿಕೊಂಡರೆ ಯಾವುದೂ ತೆರೆಯುವುದಿಲ್ಲ.

ವೇಡಿಯನ್‌ನಲ್ಲಿ ಇದೇ ಗುರುತು ‘ಐಟಂಐಡಿ’ ಎಂಬ ಹೆಸರಿನಲ್ಲಿರುತ್ತದೆ. 1688ರಲ್ಲಿ ಪ್ರಶ್ನಾರ್ಥಕ ಚಿಹ್ನೆಗಿಂತ ಮೊದಲೇ, ‘ಆಫರ್’ ಎಂಬ ಪದದ ನಂತರ ಓರೆಗೆರೆ ಹಾಕಿ ಸಂಖ್ಯೆ ಬರುತ್ತದೆ. ಟಾವೊಬಾವೊ, ಟೀಮಾಲ್ ಎರಡಕ್ಕೂ ಒಂದೇ ಸಂಖ್ಯೆಯ ಸರಣಿ. ಟೀಮಾಲ್ ಸಾಮಾನಿನ ಸಂಖ್ಯೆಯನ್ನು ಟಾವೊಬಾವೊ ವಿಳಾಸಕ್ಕೆ ಹಾಕಿದರೂ ತಾನಾಗಿ ಸರಿಯಾದ ಪುಟಕ್ಕೆ ಹೋಗುತ್ತದೆ. 1688, ವೇಡಿಯನ್ ಸಂಖ್ಯೆಗಳು ಹಾಗಲ್ಲ, ಅವು ಆಯಾ ತಾಣಕ್ಕೆ ಮಾತ್ರ ಸೇರಿದವು.

ಗೆಳೆಯರು ಕೊಟ್ಟದ್ದು ಬೇರೆ ಏಜೆಂಟ್‌ನ ತಾಣದ ಲಿಂಕ್. ಆ ತಾಣವೇ ಈಗ ಇಲ್ಲ. ಏನು ಮಾಡಲಿ?

ಇದು ಈಚೆಗೆ ಬಹಳ ಜನರಿಗೆ ಆಗಿರುವ ತೊಂದರೆ. 2024ರ ಏಪ್ರಿಲ್‌ನಲ್ಲಿ ಪಾಂಡಾಬೈ ಎಂಬ ದೊಡ್ಡ ಏಜೆಂಟ್ ಸಂಸ್ಥೆಯ ಗೋದಾಮುಗಳ ಮೇಲೆ ಚೀನಾದ ಪೊಲೀಸರು ದಾಳಿ ಮಾಡಿದರು. ನಕಲಿ ಬ್ರ್ಯಾಂಡ್ ಸರಕಿನ ಬಗ್ಗೆ ಕಂಪನಿಗಳು ಕೊಟ್ಟ ದೂರು ಅದಕ್ಕೆ ಕಾರಣ. ಮುಂದೆ ಆ ತಾಣವೇ ನಿಂತುಹೋಯಿತು. ಜನ ವರ್ಷಗಟ್ಟಲೆ ಸ್ಪ್ರೆಡ್‌ಶೀಟ್‌ಗಳಲ್ಲಿ ಕೂಡಿಟ್ಟ ಲಿಂಕ್‌ಗಳು ಆ ತಾಣದ ಹೆಸರಿನಲ್ಲೇ ಇದ್ದುದರಿಂದ ಒಮ್ಮೆಲೇ ಒಂದೂ ತೆರೆಯದ ಹಾಗಾಯಿತು. ಆದರೆ ಅವುಗಳ ಹಿಂದಿನ ಅಂಗಡಿ ಪುಟಗಳ ಗತಿ ಬೇರೆಯದೇ. ಅದರಲ್ಲಿ ಎಷ್ಟೋ ಪುಟಗಳು ಏನೂ ಆಗದೆ ಇದ್ದವು.

ಏಜೆಂಟ್ ಲಿಂಕ್ ಎಂದರೆ ಲಕೋಟೆಯೊಳಗಿನ ಲಕೋಟೆ ಇದ್ದ ಹಾಗೆ. ಹೊರಗಿನದರ ಮೇಲೆ ಏಜೆಂಟ್ ಹೆಸರು, ಒಳಗೆ ಅಂಗಡಿಯ ಅಸಲಿ ವಿಳಾಸ. ಹೊರಗಿನದನ್ನು ಬಿಚ್ಚಿದರಾಯಿತು. ಲಿಂಕನ್ನು ಒಂದು ಖಾಲಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ನಿಧಾನವಾಗಿ ಓದಿ. ‘ಯುಆರ್‌ಎಲ್’ ಎಂಬ ಪದ, ಸಮ ಚಿಹ್ನೆ, ಅದರ ಮುಂದೆ ಶೇಕಡಾ ಚಿಹ್ನೆಗಳಿಂದ ತುಂಬಿದ ಸಾಲು ಕಂಡರೆ ಅದೇ ಒಳಗಿನ ವಿಳಾಸ. ಶೇಕಡಾ ಚಿಹ್ನೆಯ ಜೊತೆ 3ಎ ಇದ್ದರೆ ಅದು ವಿವರಣ ಚಿಹ್ನೆಯ ಎರಡು ಚುಕ್ಕಿ, 2ಎಫ್ ಇದ್ದರೆ ಓರೆಗೆರೆ, 3ಎಫ್ ಇದ್ದರೆ ಪ್ರಶ್ನಾರ್ಥಕ ಚಿಹ್ನೆ, 3ಡಿ ಇದ್ದರೆ ಸಮ ಚಿಹ್ನೆ, 26 ಇದ್ದರೆ ಆ್ಯಂಡ್ ಚಿಹ್ನೆ. ಈ ಐದನ್ನು ಬದಲಾಯಿಸಿದರೆ ಮಾಮೂಲಿ ವಿಳಾಸ ಸಿಗುತ್ತದೆ. ಕೈಯಿಂದ ಮಾಡುವುದು ಬೇಸರವಾದರೆ ಯುಆರ್‌ಎಲ್ ಡಿಕೋಡ್ ಮಾಡುವ ಉಚಿತ ಸಲಕರಣೆಗಳು ಬೇಕಾದಷ್ಟಿವೆ.

ಕೆಲವು ಏಜೆಂಟರು ಪೂರ್ತಿ ವಿಳಾಸ ಇಡುವುದಿಲ್ಲ. ತಾಣದ ಹೆಸರು ಮತ್ತು ಸಂಖ್ಯೆ ಎರಡನ್ನೇ ಬೇರೆ ಬೇರೆ ತುಂಡಾಗಿ ಇಟ್ಟಿರುತ್ತಾರೆ. ಅದು ಇನ್ನೂ ಸಲೀಸು. ಸಂಖ್ಯೆ ತೆಗೆದುಕೊಂಡು ಮೇಲೆ ಹೇಳಿದ ಹಾಗೆ ವಿಳಾಸ ನೀವೇ ಕಟ್ಟಿ. ಎಷ್ಟು ಹುಡುಕಿದರೂ ಉದ್ದನೆಯ ಅಂಕಿಯೇ ಕಾಣದಿದ್ದರೆ ಏಜೆಂಟ್ ತನ್ನದೇ ಒಳಸಂಖ್ಯೆ ಬಳಸಿದ್ದಾನೆ ಎಂದರ್ಥ. ಆ ತಾಣ ಮುಚ್ಚಿದ್ದರೆ ಅಂಥ ಲಿಂಕ್‌ನಿಂದ ಏನೂ ಹೊರತೆಗೆಯಲು ಆಗುವುದಿಲ್ಲ. ಫೋಟೋ ಇದ್ದರೆ ಅದರಿಂದ ಹುಡುಕಬೇಕು.

ಚಿಕ್ಕ ಲಿಂಕ್, ಇಲ್ಲವೇ ವಿಚಿತ್ರ ಚಿಹ್ನೆಗಳಿರುವ ಒಂದು ಸಾಲು ಮಾತ್ರ ಬಂದಿದೆ. ಏಜೆಂಟ್‌ನ ಸರ್ಚ್ ಅದನ್ನು ಒಪ್ಪುತ್ತಿಲ್ಲ.

ಮೊಬೈಲ್ ಆ್ಯಪ್‌ನಲ್ಲಿ ‘ಶೇರ್’ ಒತ್ತಿದರೆ ಹೀಗೆ ಬರುತ್ತದೆ. ಚೀನಾದ ಮೆಸೇಜ್ ಆ್ಯಪ್ ವೀಚಾಟ್‌ನಲ್ಲಿ ಟಾವೊಬಾವೊ ಲಿಂಕ್‌ಗಳು 2013ರಿಂದ ನೇರವಾಗಿ ತೆರೆಯುತ್ತಿರಲಿಲ್ಲ. ಅದನ್ನು ದಾಟಲು ಟಾವೊಬಾವೊ ಒಂದು ಉಪಾಯ ಹೂಡಿತು: ಗುಪ್ತಪದದಂಥ ಒಂದು ಸಾಲು. ಅದನ್ನು ಕಾಪಿ ಮಾಡಿ ಟಾವೊಬಾವೊ ಆ್ಯಪ್ ತೆರೆದರೆ ಸಾಮಾನು ತಾನಾಗಿ ಎದುರಿಗೆ ಬರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಚೀನಾ ಸರ್ಕಾರ ಈ ಕಂಪನಿಗಳು ಪರಸ್ಪರರ ಲಿಂಕ್ ತಡೆಯುವುದನ್ನು ನಿಲ್ಲಿಸಬೇಕೆಂದು ಹೇಳಿತು, ಆದರೂ ಆ ಸಾಲುಗಳ ಬಳಕೆ ಉಳಿದುಕೊಂಡಿದೆ.

ಈ ಸಾಲುಗಳಿಗೂ ಚಿಕ್ಕ ಲಿಂಕ್‌ಗಳಿಗೂ ಆಯಸ್ಸು ಕಡಿಮೆ. ಅಸಲಿ ಪುಟ ಚೆನ್ನಾಗಿಯೇ ಇದ್ದರೂ ಇವು ಕೆಲಸ ನಿಲ್ಲಿಸಬಹುದು. ಬಂದ ಕೂಡಲೇ ಆ್ಯಪ್‌ನಲ್ಲೋ ಬ್ರೌಸರ್‌ನಲ್ಲೋ ತೆರೆದು, ವಿಳಾಸ ಪಟ್ಟಿಯಲ್ಲಿ ಬರುವ ಪೂರ್ತಿ ವಿಳಾಸದಿಂದ ಸಂಖ್ಯೆ ಬರೆದಿಟ್ಟುಕೊಳ್ಳಿ. ಆ್ಯಪ್ ಇಲ್ಲದಿದ್ದರೆ ಇಡೀ ಸಾಲನ್ನು ಇದ್ದ ಹಾಗೇ ಏಜೆಂಟ್‌ನ ಗ್ರಾಹಕ ಸೇವೆಗೆ ಕಳುಹಿಸಿ. ಅವರ ಕೈಯಲ್ಲಿ ಆ್ಯಪ್ ಇರುತ್ತದೆ.

ತೆರೆದರೆ ಖಾಲಿ ಪುಟ, ಇಲ್ಲವೇ ಲಾಗಿನ್ ಕೇಳುತ್ತದೆ.

ಪುಟ ಬದುಕಿದೆ. ಟಾವೊಬಾವೊ ಲಾಗಿನ್ ಆಗದವರಿಗೆ ಬಹಳಷ್ಟನ್ನು ತೋರಿಸುವುದಿಲ್ಲ, ಮೇಲಿಂದ ಮೇಲೆ ತೆರೆದರೆ ಪರದೆಯ ಮೇಲಿನ ಗುಂಡಿಯನ್ನು ಪಕ್ಕಕ್ಕೆ ಎಳೆದು ಮನುಷ್ಯರೆಂದು ಸಾಬೀತು ಮಾಡಿ ಎನ್ನುತ್ತದೆ. ಅಂಥ ಪುಟ ಕಂಡರೆ ಅದೇ ವಿಳಾಸವನ್ನು ಏಜೆಂಟ್ ತಾಣದ ಸರ್ಚ್‌ನಲ್ಲಿ ಅಂಟಿಸಿ ನೋಡಿ. ಅವರು ಬೇರೆ ದಾರಿಯಿಂದ ಮಾಹಿತಿ ತರಿಸಿಕೊಳ್ಳುತ್ತಾರೆ.

ಇದರ ತಿರುವುಮುರುವೂ ಆಗುತ್ತದೆ: ಅಂಗಡಿಯ ಪುಟ ನಿಮಗೆ ಚೆನ್ನಾಗಿ ಕಾಣುತ್ತಿದೆ, ಏಜೆಂಟ್ ತಾಣ ಮಾತ್ರ ‘ಸಾಮಾನು ಸಿಗಲಿಲ್ಲ’ ಎನ್ನುತ್ತದೆ. ಆಗ ಏಜೆಂಟ್ ತಾಣದಲ್ಲಿರುವ ‘ಕೈಯಿಂದ ತುಂಬುವ ಆರ್ಡರ್’ ಆಯ್ಕೆ ನೋಡಿ. ಲಿಂಕ್, ಬಣ್ಣ, ಸೈಜ್, ಯುವಾನ್‌ನಲ್ಲಿ ಬೆಲೆ, ಚೀನಾದೊಳಗಿನ ಸಾಗಣೆ ವೆಚ್ಚ ಇವನ್ನು ನೀವೇ ಬರೆಯಬೇಕು, ಒಬ್ಬ ಸಿಬ್ಬಂದಿ ಅದನ್ನು ನೋಡಿ ಕೊಳ್ಳುತ್ತಾರೆ. ಕೆಲವು ವರ್ಗದ ಸಾಮಾನುಗಳನ್ನು ಏಜೆಂಟರು ಬೇಕೆಂದೇ ತಡೆದಿರುತ್ತಾರೆ. ಬ್ಯಾಟರಿ, ದ್ರವ, ಚೂಪಾದ ಆಯುಧ, ದೂರು ಬಂದ ಬ್ರ್ಯಾಂಡ್ ಇಂಥವು. ಅದು ಲಿಂಕ್‌ನ ದೋಷವಲ್ಲ. ಕೈಯಿಂದ ತುಂಬಿ ದಾಟಿಸಲು ಹೋಗಬೇಡಿ, ಗೋದಾಮಿನ ತನಕ ಬಂದು ಅಲ್ಲೇ ಕೂರುತ್ತದೆ.

ಪುಟವನ್ನು ನಿಜಕ್ಕೂ ತೆಗೆದುಹಾಕಿದ್ದಾರೆ. ಹೀಗೇಕೆ ಮಾಡುತ್ತಾರೆ?

ವೆಬ್ ಪುಟಗಳು ಕಾಣೆಯಾಗುವುದು ಎಲ್ಲೆಡೆ ಇದ್ದದ್ದೇ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ. ಅಂಗಡಿ ಪುಟಗಳಿಗೆ ಹತ್ತು ವರ್ಷದ ಮಾತೆಲ್ಲಿ, ಒಂದು ಋತು ದಾಟಿದರೆ ಹೆಚ್ಚು. ಸ್ಟಾಕ್ ಮುಗಿಯುತ್ತದೆ, ಚಳಿಗಾಲದ ಬಟ್ಟೆ ತೆಗೆದು ಬೇಸಿಗೆಯದು ಹಾಕುತ್ತಾರೆ, ಬ್ರ್ಯಾಂಡ್ ದೂರು ಕೊಟ್ಟರೆ ತಾಣವೇ ತೆಗೆಯುತ್ತದೆ. ಕೆಟ್ಟ ವಿಮರ್ಶೆಗಳು ತುಂಬಿದ ಪುಟವನ್ನು ಅಳಿಸಿ ಅದೇ ಸಾಮಾನನ್ನು ಹೊಸ ಸಂಖ್ಯೆಯಲ್ಲಿ ಹಾಕುವವರೂ ಇದ್ದಾರೆ. ಒಂದು ಪುಟ ಹೋಗಿ ಅದೇ ಫೋಟೋಗಳೊಂದಿಗೆ ವಿಮರ್ಶೆಯೇ ಇಲ್ಲದ ಹೊಸ ಪುಟ ಬಂದಿದ್ದರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಚೀನೀ ಹೊಸ ವರ್ಷದ ಆಸುಪಾಸು ಬೇರೆಯದೇ ಲೆಕ್ಕ. ಈ ಹಬ್ಬ ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುತ್ತದೆ. 2026ರಲ್ಲಿ ಫೆಬ್ರವರಿ 17, 2027ರಲ್ಲಿ ಫೆಬ್ರವರಿ 6. ಕಾರ್ಖಾನೆ, ಕೊರಿಯರ್, ಅಂಗಡಿ ಎಲ್ಲರೂ ಊರಿಗೆ ಹೋಗುತ್ತಾರೆ. ಹೊಸ ಆರ್ಡರ್ ಬರದಿರಲಿ ಎಂದು ಪುಟಗಳನ್ನು ತಾತ್ಕಾಲಿಕವಾಗಿ ಇಳಿಸುವ ಅಂಗಡಿಗಳಿವೆ. ಆ ದಿನಗಳಲ್ಲಿ ಲಿಂಕ್ ಸತ್ತಂತೆ ಕಂಡರೆ ಹಬ್ಬ ಮುಗಿದು ಎರಡು ಮೂರು ವಾರ ಕಾದು ನೋಡುವುದೇ ಬುದ್ಧಿವಂತಿಕೆ.

ಅದೇ ಸಾಮಾನನ್ನು ಮತ್ತೆ ಹುಡುಕುವುದು ಹೇಗೆ?

ಮೊದಲು ಅದೇ ಅಂಗಡಿಗೆ ಹೋಗಿ. ಅಂಗಡಿಯ ಹೆಸರೋ ವಿಳಾಸವೋ ಗೊತ್ತಿದ್ದರೆ ಅವರ ಎಲ್ಲ ಸಾಮಾನುಗಳ ಪಟ್ಟಿ ತೆರೆದು, ಹೊಸತು ಮೊದಲು ಬರುವ ಹಾಗೆ ಜೋಡಿಸಿ ನೋಡಿ. ಹೊಸ ಸಂಖ್ಯೆಯಲ್ಲಿ ಮರಳಿ ಹಾಕಿದ್ದರೆ ಅಲ್ಲೇ ಸಿಗುತ್ತದೆ. ಹಳೆಯ ಆರ್ಡರ್ ಇದ್ದರೆ ಏಜೆಂಟ್‌ನ ಆರ್ಡರ್ ಪುಟದಲ್ಲಿ ಅಂಗಡಿಯ ಹೆಸರು ಉಳಿದಿರುತ್ತದೆ, ಅದನ್ನು ನೋಡುವುದನ್ನು ಬಹಳ ಜನ ಮರೆಯುತ್ತಾರೆ.

ಅಂಗಡಿ ಗೊತ್ತಿಲ್ಲದಿದ್ದರೆ ಫೋಟೋ. ಟಾವೊಬಾವೊದಲ್ಲಿ ಚಿತ್ರ ಹಾಕಿ ಹುಡುಕುವ ಸೌಲಭ್ಯ 2014ರಿಂದಲೇ ಇದೆ, 1688ರಲ್ಲೂ ಇದೆ, ಹಲವು ಏಜೆಂಟ್ ತಾಣಗಳ ಸರ್ಚ್ ಪಟ್ಟಿಯಲ್ಲಿ ಕ್ಯಾಮೆರಾ ಗುರುತಾಗಿಯೂ ಇದೆ. ಇಲ್ಲಿ ಒಂದು ಸೂಕ್ಷ್ಮ. ಮಾಡೆಲ್ ಹಾಕಿಕೊಂಡ ಫೋಟೋ ಕೊಟ್ಟರೆ ಮಾಡೆಲ್‌ನಂತೆ ನಿಂತ ಬೇರೆ ಯಾರನ್ನೋ ತೋರಿಸುತ್ತದೆ. ಸಾಮಾನು ಮಾತ್ರ ಉಳಿಯುವ ಹಾಗೆ ಕತ್ತರಿಸಿ. ಮೇಲೆ ಬರೆದ ಅಕ್ಷರ, ಬೆಲೆ, ನೀರುಗುರುತು ತೆಗೆಯಿರಿ. ಒಂದು ಸಲ ಮುಂಭಾಗ, ಇನ್ನೊಂದು ಸಲ ಬಟನ್ನೋ ಹೊಲಿಗೆಯೋ ಹಿಡಿಕೆಯೋ ಅಂಥ ವಿಶೇಷ ಭಾಗ, ಹೀಗೆ ಎರಡು ಬಗೆಯಲ್ಲಿ ಹುಡುಕಿ ನೋಡಿ.

ಪುಟದ ಸ್ಕ್ರೀನ್‌ಶಾಟ್ ಇದ್ದರೆ ಅದರಲ್ಲಿ ತಯಾರಕರ ಮಾದರಿ ಸಂಖ್ಯೆ ಇದೆಯೇ ನೋಡಿ. ಸಾಮಾನ್ಯವಾಗಿ ವಿವರಗಳ ಪಟ್ಟಿಯಲ್ಲಿ ಅಂಕಿ ಅಕ್ಷರ ಬೆರೆತು ಬರೆದಿರುತ್ತದೆ. ಅಂಗಡಿ ಬದಲಾದರೂ ಈ ಸಂಖ್ಯೆ ಬದಲಾಗುವುದು ಅಪರೂಪ, ಹಾಗಾಗಿ ಫೋಟೋಗಿಂತಲೂ ಇದು ಗಟ್ಟಿ. ಚೀನೀ ಭಾಷೆಯ ಮೂಲ ಶೀರ್ಷಿಕೆ ಇದ್ದರೆ ಅದನ್ನೇ ಇದ್ದ ಹಾಗೆ ಹಾಕಿ. ಏಜೆಂಟ್ ತಾಣ ಅನುವಾದಿಸಿ ತೋರಿಸಿದ ಶೀರ್ಷಿಕೆ ಹುಡುಕಾಟಕ್ಕೆ ಹೆಚ್ಚು ಪ್ರಯೋಜನವಿಲ್ಲ.

ಸಿಕ್ಕಿದ ಮೇಲೂ ಒಂದು ಮಾತು. ಅದೇ ಫೋಟೋ ಎಂದ ಮಾತ್ರಕ್ಕೆ ಅದೇ ಸಾಮಾನಲ್ಲ. ಒಬ್ಬರ ಫೋಟೋವನ್ನು ಇನ್ನೊಬ್ಬರು ಎತ್ತಿ ಹಾಕುವುದು ಈ ತಾಣಗಳಲ್ಲಿ ಮಾಮೂಲು. ಮೊದಲಿನ ಬೆಲೆ 120 ಯುವಾನ್ ಇದ್ದು ಈಗ ಸಿಕ್ಕಿದ್ದು 35 ಯುವಾನ್ ಆದರೆ ಬಟ್ಟೆಯ ದಪ್ಪ, ತೂಕ, ಅಳತೆಗಳ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೊಂಡವರು ಹಾಕಿದ ಫೋಟೋಗಳಿಗೆ ಅಂಗಡಿಯವರ ಫೋಟೋಗಿಂತ ಹೆಚ್ಚು ಬೆಲೆ ಕೊಡಿ. 1688ರಲ್ಲಿ ಕಡಿಮೆ ಬೆಲೆಗೆ ಇನ್ನೊಂದು ಕಾರಣವೂ ಇರುತ್ತದೆ: ಅದು ಸಗಟು ತಾಣ, ಕನಿಷ್ಠ ಇಷ್ಟು ಕೊಳ್ಳಬೇಕೆಂಬ ಷರತ್ತು ಇರಬಹುದು.

ಲಿಂಕ್ ತೆರೆಯುತ್ತದೆ, ನನಗೆ ಬೇಕಾದ ಸೈಜ್ ಮಾತ್ರ ಒತ್ತಲು ಆಗುತ್ತಿಲ್ಲ.

ಆ ಆಯ್ಕೆಯ ಸ್ಟಾಕ್ ಮುಗಿದಿದೆ, ಅಥವಾ ಏಜೆಂಟ್ ತಾಣದಲ್ಲಿ ಹಳೆಯ ಮಾಹಿತಿ ಉಳಿದಿದೆ. ಅಸಲಿ ಪುಟದಲ್ಲಿ ಒಮ್ಮೆ ನೋಡಿ. ಅಲ್ಲೂ ಬೂದು ಬಣ್ಣದಲ್ಲಿದ್ದರೆ ಮತ್ತೆ ಬರುತ್ತದೆಯೇ ಎಂದು ಅಂಗಡಿಯವರನ್ನು ಕೇಳಲು ಏಜೆಂಟ್‌ಗೆ ಹೇಳಿ. ‘ಹತ್ತಿರದ ಸೈಜ್ ಕಳುಹಿಸಿ’ ಎಂದು ಮಾತ್ರ ಬರೆಯಬೇಡಿ, ಯಾವುದು ಹತ್ತಿರ ಎಂಬುದು ಅವರ ಎಣಿಕೆಗೆ ಬಿಡುವ ವಿಷಯವಲ್ಲ.

ಲಿಂಕ್ ತೆರೆಯುತ್ತದೆ, ಆದರೆ ಬೇರೆಯೇ ಸಾಮಾನು ಕಾಣುತ್ತಿದೆ.

ನನ್ನ ದೃಷ್ಟಿಯಲ್ಲಿ ಸತ್ತ ಲಿಂಕ್‌ಗಿಂತ ಇದು ಅಪಾಯಕಾರಿ. ಸತ್ತ ಲಿಂಕ್ ದುಡ್ಡು ತೆಗೆದುಕೊಳ್ಳುವುದಿಲ್ಲ, ಇದು ತೆಗೆದುಕೊಳ್ಳುತ್ತದೆ. ಹಳೆಯ ಪುಟದ ಮಾರಾಟದ ಸಂಖ್ಯೆಯನ್ನೂ ಒಳ್ಳೆಯ ವಿಮರ್ಶೆಗಳನ್ನೂ ಉಳಿಸಿಕೊಳ್ಳಲು ಕೆಲವರು ಅದೇ ಪುಟದಲ್ಲಿ ಫೋಟೋ, ಶೀರ್ಷಿಕೆ ಬದಲಾಯಿಸಿ ಬೇರೆ ಸಾಮಾನು ಹಾಕುತ್ತಾರೆ. ವಿಮರ್ಶೆಗಳಲ್ಲಿನ ಫೋಟೋ ಬೂಟಿನದು, ಪುಟದಲ್ಲಿರುವುದು ಚೀಲ ಎಂದಾದರೆ ಆ ವಿಮರ್ಶೆಗಳಿಗೆ ಏನೂ ಅರ್ಥವಿಲ್ಲ. ಯಾರದೋ ಹಳೆಯ ಪಟ್ಟಿಯಿಂದ ಲಿಂಕ್ ತೆಗೆದುಕೊಂಡಾಗ ಶೀರ್ಷಿಕೆ, ಬೆಲೆ, ಆಯ್ಕೆಗಳ ಹೆಸರು ಮೂರನ್ನೂ ಹೋಲಿಸದೆ ಕಾರ್ಟ್‌ಗೆ ಹಾಕಬೇಡಿ.

ವೇಡಿಯನ್‌ನಲ್ಲಿ ಇನ್ನೊಂದು ಬಗೆ ಇದೆ. ಮಾರುವುದು ಒಂದು, ಪುಟದಲ್ಲಿರುವುದು ಏನೂ ಹೇಳದ ಸಾದಾ ಚಿತ್ರ. ಯಾವುದು ಬೇಕೆಂದು ಟಿಪ್ಪಣಿಯಲ್ಲಿ ಬರೆಯಿರಿ ಎನ್ನುತ್ತಾರೆ. ಬಂದದ್ದು ಬೇರೆಯಾದರೆ ‘ಪುಟದಲ್ಲಿ ಹೀಗಿತ್ತು’ ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಅಂಥ ಲಿಂಕ್‌ಗಳಿಂದ ದೂರವಿರಿ ಎಂದೇ ನನ್ನ ಸಲಹೆ.

ದುಡ್ಡು ಕಟ್ಟಿದ ಮೇಲೆ ಲಿಂಕ್ ಸತ್ತಿತು. ಆರ್ಡರ್ ಹೋಯಿತೇ?

ಗಾಬರಿ ಬೇಡ. ಪುಟ ಹೋದರೂ ಆರ್ಡರ್ ಬೇರೆಯಾಗಿ ಉಳಿದಿರುತ್ತದೆ. ಕೊನೆಯ ಒಂದನ್ನು ನೀವೇ ಕೊಂಡು ಸ್ಟಾಕ್ ಮುಗಿದು ಪುಟ ಇಳಿದಿರುವುದೂ ಉಂಟು.

ನೀವು ಏಜೆಂಟ್‌ಗೆ ಕಟ್ಟಿದ್ದೀರಿ, ಏಜೆಂಟ್ ಇನ್ನೂ ಅಂಗಡಿಗೆ ಕಟ್ಟಿಲ್ಲ ಎಂಬ ಹಂತದಲ್ಲಿದ್ದರೆ ಆರ್ಡರ್ ರದ್ದಾಗಿ ಹಣ ನಿಮ್ಮ ಖಾತೆಗೆ ಮರಳಬೇಕು. ಆ ಹಣ ಏಜೆಂಟ್ ತಾಣದ ವ್ಯಾಲೆಟ್‌ಗೆ ಬರುತ್ತದೆಯೋ ನೀವು ಕಟ್ಟಿದ ಕಾರ್ಡ್‌ಗೆ ಬರುತ್ತದೆಯೋ ಎಂಬುದನ್ನು ಮೊದಲೇ ಓದಿಕೊಂಡಿರಿ, ವ್ಯಾಲೆಟ್‌ನಿಂದ ಹೊರತೆಗೆಯಲು ಕೆಲವರು ಶುಲ್ಕ ಹಿಡಿಯುತ್ತಾರೆ.

ಏಜೆಂಟ್ ಅಂಗಡಿಗೆ ಕಟ್ಟಿಯಾಗಿದ್ದರೆ ಗಡುವು ಅಂಗಡಿಯವರ ಮೇಲಿದೆ. ಟಾವೊಬಾವೊದಲ್ಲಿ ಮುಂಗಡ ಮಾರಾಟ ಎಂದು ಹೇಳದ ಸಾಮಾನನ್ನು ಸಾಮಾನ್ಯವಾಗಿ 48 ಗಂಟೆಯೊಳಗೆ ಕಳುಹಿಸಬೇಕು. ಅಷ್ಟು ಹೊತ್ತು ಕಳೆದೂ ಸಾಗಣೆಯ ಸಂಖ್ಯೆ ಬರದಿದ್ದರೆ ಏಜೆಂಟ್‌ಗೆ ಬರೆಯಿರಿ. ಬರೆಯುವಾಗ ‘ಏನಾಯಿತು?’ ಎಂದು ಕೇಳಿದರೆ ‘ವಿಚಾರಿಸುತ್ತೇವೆ’ ಎಂಬ ಉತ್ತರ ಬರುತ್ತದೆ, ಅಷ್ಟೇ. ಹೀಗೆ ಬರೆಯಿರಿ: ‘ಈ ಆರ್ಡರ್‌ನ ಸಾಮಾನಿನ ಪುಟವನ್ನು ಅಂಗಡಿಯವರು ತೆಗೆದಿದ್ದಾರೆ. ಸ್ಟಾಕ್ ಇದೆಯೇ, ಯಾವ ದಿನ ಕಳುಹಿಸುತ್ತಾರೆ ಎಂದು ದಯವಿಟ್ಟು ಚಾಟ್‌ನಲ್ಲಿ ಕೇಳಿ. ಸ್ಟಾಕ್ ಇಲ್ಲವೆಂದರೆ ಹಣ ವಾಪಸು ಕೇಳಿ, ಬೇರೆ ಸಾಮಾನು ಒಪ್ಪಬೇಡಿ.’ ಕೊನೆಯ ವಾಕ್ಯ ಬಿಡಬೇಡಿ.

ಇನ್ನೊಂದು ಸಂಗತಿ ಗೊತ್ತಿದ್ದರೆ ಬಹಳ ಅನುಕೂಲ. ಟಾವೊಬಾವೊ ಪ್ರತಿ ಆರ್ಡರ್ ಜೊತೆ, ಕೊಂಡ ಕ್ಷಣದಲ್ಲಿ ಪುಟ ಹೇಗಿತ್ತೋ ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ಆಮೇಲೆ ಪುಟ ಬದಲಾದರೂ, ಅಳಿದರೂ ಆ ಪ್ರತಿ ಆರ್ಡರ್ ವಿವರದಲ್ಲಿ ಉಳಿದಿರುತ್ತದೆ. ಆರ್ಡರ್ ಏಜೆಂಟ್‌ನ ಖಾತೆಯಲ್ಲಿರುವುದರಿಂದ ನಿಮಗೆ ನೇರವಾಗಿ ಕಾಣದು; ‘ಕೊಂಡ ಸಮಯದ ಪುಟದ ಪ್ರತಿಯ ಸ್ಕ್ರೀನ್‌ಶಾಟ್ ಕಳುಹಿಸಿ’ ಎಂದು ಕೇಳಿ. ಚರ್ಮ ಎಂದಿತ್ತೋ ರೆಕ್ಸಿನ್ ಎಂದಿತ್ತೋ ಎಂಬ ಜಗಳ ಬಂದಾಗ ಅದೇ ಸಾಕ್ಷಿ.

ಸತ್ತ ಲಿಂಕ್‌ಗೆ ಬದಲಾಗಿ ಏಜೆಂಟ್ ಬೇರೆ ಲಿಂಕ್ ಸೂಚಿಸಿದ್ದಾರೆ. ಒಪ್ಪಬಹುದೇ?

ಒಪ್ಪಬಹುದು, ಹೊಸ ಅಂಗಡಿಯೆಂದೇ ಪರೀಕ್ಷಿಸಿ. ಏಜೆಂಟ್ ಸಿಬ್ಬಂದಿ ಫೋಟೋ ಹೋಲಿಸಿ ಸೂಚಿಸಿರುತ್ತಾರೆ, ಬಟ್ಟೆ ಮುಟ್ಟಿ ನೋಡಿರುವುದಿಲ್ಲ. ಬೆಲೆ, ಸಾಗಣೆ ವೆಚ್ಚ, ಅಳತೆಯ ಪಟ್ಟಿ, ವಾಪಸು ಪಡೆಯುತ್ತಾರೆಯೇ ಎಂಬುದನ್ನೆಲ್ಲ ಬರಹದಲ್ಲಿ ಕೇಳಿ ಪಡೆದು ಆಮೇಲೆ ಹೂಂ ಅನ್ನಿ. ನಿಮ್ಮನ್ನು ಕೇಳದೆ ಬದಲಿ ಕೊಂಡಿದ್ದರೆ ಅದನ್ನು ಒಪ್ಪಬೇಕಾದ ಹಂಗು ನಿಮಗಿಲ್ಲ.

ಪುಟ ಇಲ್ಲ, ಆದರೆ ‘ಈ ಬೆಲೆ ವ್ಯತ್ಯಾಸದ ಲಿಂಕ್‌ನಲ್ಲಿ ಕಟ್ಟಿ, ಕಳುಹಿಸುತ್ತೇನೆ’ ಎಂದು ಅಂಗಡಿಯವರು ಹೇಳುತ್ತಿದ್ದಾರೆ.

ಸಾಗಣೆ ವೆಚ್ಚವೋ ಕಡಿಮೆ ಬಿದ್ದ ಹಣವೋ ತುಂಬಲು 1 ಯುವಾನ್ ಬೆಲೆಯ ಲಿಂಕ್ ಇಟ್ಟು, ಬೇಕಾದಷ್ಟು ಸಂಖ್ಯೆ ಹಾಕಿಸಿಕೊಳ್ಳುವುದು ಅಲ್ಲಿ ರೂಢಿ. ಐದು ಹತ್ತು ಯುವಾನ್‌ಗೆ ಅದು ಸರಿ. ಇಡೀ ಸಾಮಾನಿನ ಹಣವನ್ನು ಅದರಲ್ಲಿ ಕಟ್ಟಿದರೆ ದಾಖಲೆಯಲ್ಲಿ ನೀವು ಕೊಂಡದ್ದು ‘ಬೆಲೆ ವ್ಯತ್ಯಾಸ’ ಮಾತ್ರ. ಬಂದದ್ದು ಕೆಟ್ಟದ್ದಾಗಿದ್ದರೂ, ಏನೂ ಬರದಿದ್ದರೂ ದೂರು ನಿಲ್ಲುವುದು ಕಷ್ಟ. ಹೊಸ ಸಾಮಾನಿನ ಪುಟ ಮಾಡಿಕೊಡಿ ಎಂದು ಏಜೆಂಟ್ ಮೂಲಕ ಕೇಳಿ, ಮಾಡುವ ಮನಸ್ಸಿದ್ದರೆ ಮಾರಾಟಗಾರರಿಗೆ ಅದು ದೊಡ್ಡ ಕೆಲಸವೇನಲ್ಲ. ತಾಣದ ಹೊರಗೆ ನೇರ ಹಣ ಕಳುಹಿಸಿ ಎಂದರಂತೂ ಅಲ್ಲಿಗೆ ಬಿಟ್ಟುಬಿಡಿ.

ಜಪಾನ್‌ನ ಬಳಸಿದ ವಸ್ತುಗಳ ತಾಣಗಳಲ್ಲೂ ಇದೇ ಕ್ರಮವೇ?

ಸ್ವಲ್ಪ ಬೇರೆ. ಮೆರ್ಕಾರಿ, ಯಾಹೂ ಹರಾಜು ಇಂಥ ಕಡೆ ಹೆಚ್ಚಿನವು ಒಬ್ಬರ ಬಳಿ ಇರುವ ಒಂದೇ ಒಂದು ವಸ್ತು. ಅದು ಮಾರಿಹೋದರೆ ಮುಗಿಯಿತು, ಅದೇ ವಸ್ತುವಿನ ಇನ್ನೊಂದು ಪುಟ ಹುಡುಕುವುದರಲ್ಲಿ ಅರ್ಥವಿಲ್ಲ. ಹರಾಜಿನಲ್ಲಿ ಯಾರೂ ಕೂಗದೆ ಅವಧಿ ಮುಗಿದಿದ್ದರೆ ಮಾತ್ರ ಮಾರಾಟಗಾರರು ಹೊಸ ಸಂಖ್ಯೆಯಲ್ಲಿ ಮತ್ತೆ ಹಾಕಬಹುದು. ಅವರ ಹೆಸರಿನ ಪುಟದಲ್ಲಿ ನೋಡಿ. ಚೀನಾದ ಶ್ಯಾನ್‌ಯು ಕೂಡ ಬಳಸಿದ ವಸ್ತುಗಳ ತಾಣವೇ, ಅಲ್ಲಿಗೂ ಇದೇ ಮಾತು.

ಹಳೆಯ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್‌ನಲ್ಲಿ ಸಿಗುತ್ತದೆಯೇ?

ಈ ತಾಣಗಳ ಮಟ್ಟಿಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಲಾಗಿನ್ ಹಿಂದೆ ಇರುವ ಪುಟವನ್ನು ಅದು ನೋಡಲಾರದು. ಸಾಮಾನಿನ ಪುಟಕ್ಕಿಂತ, ಯಾರಾದರೂ ಆ ಸಾಮಾನಿನ ಬಗ್ಗೆ ಬರೆದ ಪುಟ ಅದರಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಸತ್ತ ಲಿಂಕ್ ಬಗ್ಗೆ ಕೇಳಿದಾಗ ಯಾರೋ ಅಪರಿಚಿತರು ಹೊಸ ಲಿಂಕ್ ಕಳುಹಿಸಿದರು. ನಂಬಲೇ?

ಒತ್ತುವ ಮೊದಲು ತಾಣದ ಹೆಸರನ್ನು ಅಕ್ಷರ ಅಕ್ಷರ ಓದಿ. ಮೊದಲ ಒಂಟಿ ಓರೆಗೆರೆಗೆ ಹಿಂದೆ ಏನಿದೆಯೋ ಅದೇ ಅಸಲಿ ತಾಣ. ಅಲ್ಲಿ ‘ಟಾವೊಬಾವೊ ಡಾಟ್ ಕಾಮ್’ ಎಂದು ಮುಗಿಯದೆ, ಅದರ ನಂತರ ಇನ್ನೂ ಡಾಟ್, ಇನ್ನೂ ಹೆಸರು ಇದ್ದರೆ ಅದು ಬೇರೆಯವರ ತಾಣ. ಮುಚ್ಚಿದ ಏಜೆಂಟರ ಹೆಸರನ್ನು ಹೋಲುವ ಹೊಸ ತಾಣಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಹಳೆಯ ಪಾಸ್‌ವರ್ಡ್ ಅಲ್ಲಿ ಹಾಕಬೇಡಿ. ನಿಮಗೆ ಬೇಕಿರುವುದು ಸಂಖ್ಯೆ ಮಾತ್ರ. ಸಂಖ್ಯೆಯನ್ನು ಕಾಪಿ ಮಾಡಿ ನಿಮ್ಮ ಏಜೆಂಟ್ ತಾಣದಲ್ಲೇ ಹುಡುಕಿ, ಅವರ ಲಿಂಕ್ ಒತ್ತುವ ಅಗತ್ಯವೇ ಬೀಳುವುದಿಲ್ಲ.

ಮುಂದೆ ಈ ತೊಂದರೆ ಬರದ ಹಾಗೆ ಏನನ್ನು ಉಳಿಸಿಟ್ಟುಕೊಳ್ಳಬೇಕು?

ಬುಕ್‌ಮಾರ್ಕ್ ಒಂದನ್ನೇ ನಂಬಬೇಡಿ. ಸಾಮಾನು ಇಷ್ಟವಾದ ದಿನವೇ ಸಂಖ್ಯೆ, ತಾಣ, ಅಂಗಡಿಯ ಹೆಸರು, ಚೀನೀ ಶೀರ್ಷಿಕೆ, ಬೇಕಾದ ಬಣ್ಣ ಮತ್ತು ಸೈಜಿನ ಹೆಸರು ಅಲ್ಲಿ ಬರೆದ ಹಾಗೇ, ಅಂದಿನ ಬೆಲೆ ಇವನ್ನು ಒಂದೇ ಸಾಲಿನಲ್ಲಿ ಬರೆದಿಡಿ. ಅಳತೆಯ ಪಟ್ಟಿಯ ಸ್ಕ್ರೀನ್‌ಶಾಟ್, ಹಿನ್ನೆಲೆ ಸ್ವಚ್ಛವಿರುವ ಒಂದು ಫೋಟೋ ನಿಮ್ಮ ಫೋನಿನಲ್ಲೇ ಇರಲಿ. ಫೋಟೋದ ಲಿಂಕ್ ಇಟ್ಟುಕೊಂಡರೆ ಸಾಲದು, ಪುಟ ಅಳಿದಾಗ ಫೋಟೋವೂ ಹೋಗಬಹುದು. ಚಿಕ್ಕ ಲಿಂಕ್ ಮಾಡುವ ಸೇವೆಗಳನ್ನು ಇದಕ್ಕೆ ಬಳಸಬೇಡಿ. ಗೂಗಲ್‌ನಂಥ ಕಂಪನಿಯೇ ತನ್ನ ಚಿಕ್ಕ ಲಿಂಕ್ ಸೇವೆಯಲ್ಲಿ ಹೊಸ ಲಿಂಕ್ ಮಾಡುವುದನ್ನು 2019ರಲ್ಲಿ ನಿಲ್ಲಿಸಿತು.

ಬೇರೆಯವರಿಗೆ ಪಟ್ಟಿ ಹಂಚುವವರಲ್ಲಿ ಒಂದು ವಿನಂತಿ: ದಯವಿಟ್ಟು ಅಂಗಡಿಯ ಅಸಲಿ ಲಿಂಕನ್ನೂ ಕೊಡಿ. ನಿಮ್ಮ ಏಜೆಂಟ್ ಲಿಂಕ್ ಕೊಡುವುದರಲ್ಲಿ ತಪ್ಪಿಲ್ಲ, ಆದರೆ ಅದೊಂದೇ ಇದ್ದರೆ ಆ ಏಜೆಂಟ್ ಇರುವಷ್ಟು ದಿನ ಮಾತ್ರ ನಿಮ್ಮ ಪಟ್ಟಿ ಬದುಕಿರುತ್ತದೆ.

ಸಾಮಾನು ಗೋದಾಮಿಗೆ ಬಂದಿದೆ, ಪುಟ ಮಾತ್ರ ಈಗ ಇಲ್ಲ. ಏಜೆಂಟ್ ಕಳುಹಿಸಿದ ಫೋಟೋವನ್ನು ಯಾವುದಕ್ಕೆ ಹೋಲಿಸಲಿ?

ನಿಮ್ಮ ಸ್ಕ್ರೀನ್‌ಶಾಟ್‌ಗೆ. ಅದಿಲ್ಲದಿದ್ದರೆ ಮೇಲೆ ಹೇಳಿದ, ಕೊಂಡ ಸಮಯದ ಪುಟದ ಪ್ರತಿಗೆ. ಮೊದಲು ಸೈಜಿನ ಚೀಟಿ, ಬಣ್ಣ, ಎಣಿಕೆ ಸರಿಯಿದೆಯೇ ನೋಡಿ, ಆಮೇಲೆ ಅಳತೆ. ಟೇಪ್ ಇಟ್ಟು ತೆಗೆದ ಫೋಟೋ ಬೇಕೆಂದರೆ ಹೆಚ್ಚುವರಿ ಶುಲ್ಕ ಆಗಬಹುದು, ಬಟ್ಟೆಗೂ ಬೂಟಿಗೂ ಅದು ಕೊಡತಕ್ಕ ದುಡ್ಡೇ.

ತಡ ಮಾಡಬೇಡಿ. 2014ರ ಮಾರ್ಚ್ 15ರಿಂದ ಜಾರಿಯಲ್ಲಿರುವ ಚೀನಾದ ಗ್ರಾಹಕ ಕಾನೂನಿನ ಪ್ರಕಾರ, ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕೈಸೇರಿದ 7 ದಿನದೊಳಗೆ ಕಾರಣ ಹೇಳದೆ ವಾಪಸು ಮಾಡಬಹುದು. ಅಳತೆ ಕೊಟ್ಟು ಮಾಡಿಸಿದ ವಸ್ತು, ಬೇಗ ಕೆಡುವ ಪದಾರ್ಥ ಇಂಥವಕ್ಕೆ ಇದು ಅನ್ವಯಿಸುವುದಿಲ್ಲ. ಇಲ್ಲಿ ಕೈಸೇರಿದ ದಿನ ಎಂದರೆ ಗೋದಾಮಿಗೆ ಬಂದ ದಿನ. ನಿಮ್ಮ ಮನೆಗೆ ಬರುವ ದಿನದಿಂದ ಎಣಿಸುವುದಿಲ್ಲ. ಅದರಲ್ಲೂ ಏಜೆಂಟ್‌ಗೆ ಪ್ಯಾಕ್ ಮಾಡಿ ಕಳುಹಿಸಲು ಸಮಯ ಬೇಕಾಗುವುದರಿಂದ ಅವರು ನಿಮಗೆ ಕೊಡುವ ಗಡುವು ಇನ್ನೂ ಕಡಿಮೆ ಇರುತ್ತದೆ, ಅದು ಆರ್ಡರ್ ಪುಟದಲ್ಲೇ ಬರೆದಿರುತ್ತದೆ. 1688ರಲ್ಲಿ ಕೊಂಡಿದ್ದರೆ ಅಂಗಡಿಯವರು ಒಪ್ಪಿಕೊಂಡ ವಾಪಸು ಷರತ್ತನ್ನು ಮೊದಲೇ ಓದಿರಬೇಕು.

ಒಮ್ಮೆ ಹೊರದೇಶಕ್ಕೆ ಪಾರ್ಸೆಲ್ ಹೊರಟ ಮೇಲೆ ಅಂಗಡಿಗೆ ವಾಪಸು ಮಾಡುವ ದಾರಿ ಇರುವುದಿಲ್ಲ. ಹಾಗಾಗಿ ಅನುಮಾನ ಇರುವ ಸಾಮಾನನ್ನು ಉಳಿದವುಗಳ ಜೊತೆ ಸೇರಿಸಿ ಕಳುಹಿಸಬೇಡಿ. ಅದೊಂದನ್ನು ಗೋದಾಮಿನಲ್ಲೇ ನಿಲ್ಲಿಸಿ, ಇನ್ನೆರಡು ಫೋಟೋ ಕೇಳಿ, ಉತ್ತರ ಬಂದ ಮೇಲೆ ತೀರ್ಮಾನಿಸಿ.